ಋತುಮೇಳದ ನಿಸರ್ಗಕಲಾ ಸ್ಪರ್ಧೆ: ತೀರ್ಪಿನ ಹೊತ್ತಿಗೆ ಎಲೆ-ಹೂವೆಲ್ಲ ಬಾಡಿರುತ್ತೆ, ಏನು ಮಾಡೋದು?

ತರಗೆಲೆ
ಎಲೆ ಉದುರೋ ಕಾಲಕ್ಕೆ ಒಂದು ದಿನದ ಮೇಳ ಇಟ್ಕೊಂಡಿದ್ದೀವಿ. ಸ್ಥಳೀಯ ಇತಿಹಾಸದ ನಡಿಗೆ, ಹಳೇ ಫೋಟೊಗಳ ಪ್ರದರ್ಶನ, ಜೊತೆಗೆ ಉದ್ಯಾನದ ಹುಲ್ಲಿನ ಮೇಲೆ ನಿಸರ್ಗಕಲಾ ಸ್ಪರ್ಧೆ. ಎಲೆ, ಹೂವು, ಕಾಯಿ, ಕಡ್ಡಿ, ಕಲ್ಲು ಇಷ್ಟರಲ್ಲೇ ಚಿತ್ರ ಕಟ್ಟಬೇಕು. ಸುಮಾರು 40 ಜನ, ಮೂವರು ತೀರ್ಪುಗಾರರು. ಈಗಿನ ಪಟ್ಟಿ ಪ್ರಕಾರ ಸ್ಪರ್ಧೆ 10ರಿಂದ 12, ತೀರ್ಪು ಮಧ್ಯಾಹ್ನ 2ಕ್ಕೆ. ಅಷ್ಟು ಹೊತ್ತಿಗೆ ದಳ ಮುದುಡಿ, ಎಲೆ ಸುರುಳಿ ಸುತ್ತಿ, ಅರ್ಧ ಗಾಳಿಗೆ ಹಾರಿಹೋಗಿರುತ್ತೆ. ಕಟ್ಟಿದ್ದೇ ಒಂದು, ತೀರ್ಪುಗಾರರು ನೋಡೋದೇ ಇನ್ನೊಂದು.

ಅಂಟು ಬಳಸೋಕೆ ಬಿಡಬಹುದಾ? ನೀರು ಚಿಮುಕಿಸಿದ್ರೆ ಸಾಕಾ? "ಉದುರಿದ್ದು ಮಾತ್ರ, ಕೀಳೋ ಹಾಗಿಲ್ಲ" ಅಂತ ನಿಯಮ ಹಾಕಿದ್ರೆ ಸಾಮಗ್ರಿ ಸಾಲುತ್ತಾ? ತಿಳಿದೋರು ಹೇಳಿ.

ಬೇರುಬಿಳಲು
ಅಂಟಿನ ಮಾತು ಆಮೇಲೆ. ಮೊದಲು ಆ ಎರಡು ಗಂಟೆ ಅಂತರ ತೆಗೀರಿ. ಕಿತ್ತ ಎಲೆಗೆ ನೀರು ಬರೋದು ನಿಂತಿರುತ್ತೆ, ಹೋಗೋದು ನಿಂತಿರಲ್ಲ. ಎಲೆಯ ಮೇಲ್ಮೈ, ತಳಮೈ ಒಂದೇ ಸಮ ಒಣಗಲ್ಲ, ಅದಕ್ಕೇ ಸುರುಳಿ ಸುತ್ತೋದು. ತೆಳು ಎಲೆ ಬಿಸಿಲಲ್ಲಿ ಅರ್ಧ ಗಂಟೆಗೇ ಅಂಚು ಮಡಚುತ್ತೆ. ಮೇಣದ ಹೊದಿಕೆ ಇರೋ ದಪ್ಪ ಎಲೆಗಳು (ಮಾವು, ಹಲಸು, ರಬ್ಬರ್ ಗಿಡ, ಮ್ಯಾಗ್ನೋಲಿಯ) ಇಡೀ ದಿನ ತಡೀತವೆ.

ನೀರು ಚಿಮುಕಿಸೋದು ಎಲೆಗೆ ಪರವಾಗಿಲ್ಲ, ದಳಕ್ಕೆ ಬೇಡ. ತೆಳು ದಳದ ಮೇಲೆ ಹನಿ ಕೂತ ಕಡೆ ಕಲೆ ಬೀಳುತ್ತೆ.

ಉದುರಿ ಪೂರ್ತಿ ಒಣಗಿದ ಎಲೆಗೆ ಬಾಡೋ ಭಯವೇ ಇಲ್ಲ, ಆದ್ರೆ ಮುಟ್ಟಿದ್ರೆ ಪುಡಿ. ಉಗುರುಬೆಚ್ಚಗಿನ ನೀರಲ್ಲಿ 20-30 ನಿಮಿಷ ನೆನೆಸಿ, ಬಟ್ಟೆ ಮೇಲೆ ಒತ್ತಿ ತೆಗೆದರೆ ಮಣಿಯುತ್ತೆ. ನಿಮ್ಮದು ಎಲೆ ಉದುರೋ ಕಾಲದ ಮೇಳ ತಾನೇ? ಹಾಗಾದ್ರೆ ಉದುರಿದ್ದು ಮಾತ್ರ ಅನ್ನೋ ನಿಯಮ ಕಷ್ಟವೇ ಅಲ್ಲ, ಅದೇ ಅನುಕೂಲ.

ಗರಿಕೆ
ಅಂಟು ಖಂಡಿತ ಬೇಡ. ಅಂಟು ಬಂತು ಅಂದ್ರೆ ರಟ್ಟು ಬರುತ್ತೆ, ರಟ್ಟು ಬಂತು ಅಂದ್ರೆ ಮನೇಲೇ ಅರ್ಧ ಮಾಡ್ಕೊಂಡು ಬರ್ತಾರೆ.

ಕಡ್ಡಿಚಿತ್ರ
ಅಂಟಿಲ್ಲದೆ ನಿಲ್ಲಿಸೋಕೆ ದಾರಿಗಳಿವೆ:

ಎಲೆಯ ತೊಟ್ಟನ್ನು ಮಣ್ಣಿಗೆ ಚುಚ್ಚಿ. ಮೊದಲು ಕಡ್ಡಿಯಿಂದ ತೂತು ಮಾಡಿಕೊಳ್ಳದೆ ಒತ್ತಿದ್ರೆ ತೊಟ್ಟು ಮುರಿಯುತ್ತೆ. ಎಲೆಗೆ ಎಲೆ ಸೇರಿಸೋಕೆ ಮುಳ್ಳೇ ಪಿನ್ನು. ಬ್ರಿಟನ್ನಿನ ಶಿಲ್ಪಿ ಆಂಡಿ ಗೋಲ್ಡ್ಸ್‌ವರ್ದಿ ಅವರ ಎಷ್ಟೋ ಎಲೆ ಕೃತಿಗಳು ನಿಂತಿರೋದು ಬರೀ ಮುಳ್ಳಿನ ಮೇಲೆ. ಎಲೆಗಳನ್ನ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಮೂರನೇ ಒಂದು ಭಾಗ ಏರಿಸಿ ಇಡಿ, ಗಾಳಿ ಬರೋ ದಿಕ್ಕಿನಿಂದ ಶುರು ಮಾಡಬೇಡಿ, ಎದುರು ತುದಿಯಿಂದ ಶುರು ಮಾಡಿ. ಆಗ ಮೇಲಿನ ಎಲೆಯ ಅಂಚು ಗಾಳಿಗೆ ಬೆನ್ನು ಕೊಟ್ಟಿರುತ್ತೆ, ಕೆಳಗೆ ಗಾಳಿ ನುಗ್ಗಲ್ಲ.

ಹುಲ್ಲಿನ ಮೇಲೆ ನೇರ ಬೇಡ. ಹುಲ್ಲು ಎಲೆಯನ್ನ ಎತ್ತಿ ಹಿಡಿಯುತ್ತೆ, ಅಡಿಯಿಂದ ಗಾಳಿ ಆಡುತ್ತೆ. ಪ್ರತಿಯೊಬ್ಬರ ಚೌಕಕ್ಕೂ ಎರಡು ಬೆರಳು ದಪ್ಪ ಒದ್ದೆ ಮರಳು ಹರಡಿ. ಹಿಡಿ ಕಟ್ಟಿದ್ರೆ ಉಂಡೆ ನಿಲ್ಲಬೇಕು, ನೀರು ಜಿನುಗಬಾರದು, ಅಷ್ಟೇ ಹದ.

ತರಗೆಲೆ
ಚೌಕ ಎಷ್ಟು ದೊಡ್ಡದಿರಲಿ?

ಕಡ್ಡಿಚಿತ್ರ
ಒಬ್ಬರಿಗೆ 1 ಮೀಟರ್ × 1 ಮೀಟರ್. ಅದಕ್ಕಿಂತ ದೊಡ್ಡದಾದರೆ ಕೂತಲ್ಲಿಂದ ನಡುಭಾಗಕ್ಕೆ ಕೈ ಎಟುಕಲ್ಲ, ಕಟ್ಟಿದ್ದನ್ನೇ ತುಳೀತಾರೆ. ಸಣ್ಣ ಮಕ್ಕಳಿಗೆ 60 ಸೆಂಟಿಮೀಟರ್ ಸಾಕು. ಚೌಕಗಳ ನಡುವೆ 90 ಸೆಂಟಿಮೀಟರ್ ದಾರಿ ಬಿಡಿ. ತೀರ್ಪುಗಾರರ ಉಡುಪಿನ ಅಂಚು ತಾಗಿ ಹಾಳಾಗೋದು ಈ ಸ್ಪರ್ಧೆಗಳಲ್ಲಿ ದೊಡ್ಡ ಜಗಳಕ್ಕೆ ಕಾರಣ.

ಅಂಕಪಟ್ಟಿ
ಸಮಯದ ಗಂಟು ಬಿಡಿಸೋಕೆ ಎಲ್ಲರನ್ನೂ ಒಟ್ಟಿಗೆ ಶುರು ಮಾಡಿಸೋದು ಬಿಡಿ. ವಯಸ್ಸಿನ ಪ್ರಕಾರ ಮೂರು ತಂಡ, ತಂಡಕ್ಕೆ 13-14 ಜನ. ಒಂದು ಕೃತಿಗೆ ಒಂದೂವರೆ ನಿಮಿಷ ಅಂದ್ರೆ ಒಂದು ತಂಡದ ತೀರ್ಪಿಗೆ 21 ನಿಮಿಷ. ಹಾಗಾಗಿ ತಂಡಗಳ ನಡುವೆ 25 ನಿಮಿಷ ಅಂತರ ಕೊಡಿ:

ಮೊದಲ ತಂಡ 9:30ರಿಂದ 10:45
ಎರಡನೇದು 9:55ರಿಂದ 11:10
ಮೂರನೇದು 10:20ರಿಂದ 11:35

ಯಾವ ತಂಡದವರು ಕೆಲಸ ಮುಗಿಸಿದ್ರೂ ತಕ್ಷಣ ತೀರ್ಪುಗಾರರು ಅಲ್ಲಿರ್ತಾರೆ. ಯಾವ ಕೃತಿಯೂ ಮುಗಿದ ಮೇಲೆ 21 ನಿಮಿಷಕ್ಕಿಂತ ಹೆಚ್ಚು ಕಾಯಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿರುತ್ತೆ.

ಗರಿಕೆ
ಅಂಕಪಟ್ಟಿ ಅವರ ವೇಳಾಪಟ್ಟಿ ಚೆನ್ನಾಗಿದೆ. ಮಕ್ಕಳ ತಂಡವನ್ನೇ ಮೊದಲು ಹಾಕಿ, ಬಿಸಿಲೇರೋ ಮುಂಚೆ ಮುಗಿಯುತ್ತೆ. ಅಪ್ಪ-ಅಮ್ಮಂದಿರು ಹಗ್ಗದ ಆಚೆ. ಮಗು ಕಲ್ಲು ಇಡೋ ಮುಂಚೆ ತಾಯಿ ಕೈ ಚಾಚೋದನ್ನ ಯಾವ ನಿಯಮವೂ ತಡೆಯಲ್ಲ, ಹಗ್ಗ ತಡೆಯುತ್ತೆ.

ಬೇರುಬಿಳಲು
ಸಾಮಗ್ರಿ ವಿಷಯದಲ್ಲಿ ಇನ್ನೂ ನಾಲ್ಕು ಮಾತು, ಇದನ್ನ ನಿಯಮಪತ್ರದಲ್ಲಿ ಹಾಕಲೇಬೇಕು.

ಕಣಗಿಲೆ ಬೇಡ, ಗಿಡದ ಪ್ರತಿ ಭಾಗವೂ ವಿಷ. ಉಮ್ಮತ್ತಿ ಮುಟ್ಟಿದ ಕೈಯಲ್ಲಿ ಕಣ್ಣುಜ್ಜಿದ್ರೆ ಕಣ್ಣಿನ ಪಾಪೆ ಹಿಗ್ಗಿ ದೃಷ್ಟಿ ಮಂಜಾಗುತ್ತೆ. ಗುಲಗಂಜಿ ನೋಡೋಕೆ ಚೆಂದ, ಆದ್ರೆ ಸಿಪ್ಪೆ ಒಡೆದ ಬೀಜ ಹೊಟ್ಟೆಗೆ ಹೋದ್ರೆ ಪ್ರಾಣಕ್ಕೇ ಅಪಾಯ, ಸಣ್ಣ ಮಕ್ಕಳಿರೋ ಜಾಗಕ್ಕೆ ತರಲೇಬಾರದು. ಕಳ್ಳಿಹಾಲು ಕಣ್ಣಿಗೆ ಬಿದ್ರೆ ಉರಿ, ಗಾಯ. ಪಾರ್ಥೇನಿಯಂ ಕೆಲವರ ಚರ್ಮಕ್ಕೆ ದದ್ದು ತರುತ್ತೆ. ಐದರ ಚಿತ್ರವನ್ನೂ ನೋಂದಣಿ ಮೇಜಿನ ಹತ್ತಿರ ಅಂಟಿಸಿ, ಹೆಸರು ಬರೆದ್ರೆ ಮಾತ್ರ ಯಾರಿಗೂ ಗುರುತು ಸಿಗಲ್ಲ.

ಇನ್ನು ಕಲ್ಲುಹೂವು, ಪಾಚಿ ಕೆರೆದು ತರೋದು ನಿಲ್ಲಿಸಿ. ಕಲ್ಲುಹೂವಿನ ಎಷ್ಟೋ ಜಾತಿ ವರ್ಷಕ್ಕೆ ಬೆಳೆಯೋದೇ ಕೆಲವು ಮಿಲಿಮೀಟರ್. ಹೊಳೆ ತಳದ ಕಲ್ಲು ಕೂಡ ಬೇಡ, ಅದರ ಅಡೀಲಿ ನೀರುಹುಳುಗಳ ಮರಿಗಳಿರುತ್ತವೆ.

ದಾರಿಹೋಕ
ಹಕ್ಕಿ ಗರಿ? ಉದುರಿದ್ದೇ ಅಲ್ವಾ ಅದು.

ಬೇರುಬಿಳಲು
ಗರಿ, ಗೂಡು, ಮೊಟ್ಟೆಚಿಪ್ಪು ಮೂರೂ ಬೇಡ. ದೇಶದಿಂದ ದೇಶಕ್ಕೆ ಕಾನೂನು ಬೇರೆ. ಅಮೆರಿಕದಲ್ಲಿ 1918ರ ವಲಸೆಹಕ್ಕಿ ಕಾಯ್ದೆ ಪ್ರಕಾರ ಅದರ ಪಟ್ಟಿಯಲ್ಲಿರೋ ಹಕ್ಕಿಯ ಉದುರಿದ ಗರಿ ಇಟ್ಟುಕೊಳ್ಳೋದೂ ತಪ್ಪು. ಕಾರಣ ಸರಳ: ಇದು ಉದುರಿದ್ದಾ, ಕಿತ್ತದ್ದಾ ಅಂತ ಗರಿ ನೋಡಿ ಹೇಳೋಕಾಗಲ್ಲ.

ದಾರಿಹೋಕ
ಅದೇ ಮಾತು ಹೂವಿಗೂ ಅನ್ವಯ ಆಗುತ್ತಲ್ಲ? ಉದುರಿದ ಹೂವಾ, ಕಿತ್ತ ಹೂವಾ ಅಂತ ತೀರ್ಪುಗಾರರಿಗೆ ಹೇಗೆ ಗೊತ್ತಾಗುತ್ತೆ? ಜಾರಿ ಮಾಡೋಕಾಗದ ನಿಯಮ ಹಾಕಿದ್ರೆ ಪ್ರಾಮಾಣಿಕರಿಗೆ ಮಾತ್ರ ನಷ್ಟ.

ಬೇರುಬಿಳಲು
ಬಹುಪಾಲು ಗೊತ್ತಾಗುತ್ತೆ. ತಾನಾಗೇ ಉದುರಿದ ಎಲೆಯ ತೊಟ್ಟಿನ ತುದಿ ನಯವಾಗಿ, ಮುದ್ರೆ ಒತ್ತಿದ ಹಾಗೆ ಮುಚ್ಚಿರುತ್ತೆ. ಉದುರೋ ಮೊದಲೇ ಅಲ್ಲೊಂದು ಬೇರ್ಪಡೋ ಪದರ ಬೆಳೆದಿರುತ್ತೆ. ಕಿತ್ತ ತೊಟ್ಟು ಹರಿದಿರುತ್ತೆ, ನಾರು ಕಾಣುತ್ತೆ, ಕೆಲವದರಲ್ಲಿ ರಸ ಒಸರುತ್ತೆ. ಒಂದು ಭೂತಗನ್ನಡಿ ಸಾಕು.

ಕಡ್ಡಿಚಿತ್ರ
ಇನ್ನೂ ಸುಲಭದ ದಾರಿ: ಸಾಮಗ್ರಿಯನ್ನ ಹೊರಗಿಂದ ತರೋದೇ ನಿಲ್ಲಿಸಿ. ಮೊದಲ 25 ನಿಮಿಷ ಆಯ್ಕೆಗೆ, ಗೊತ್ತುಮಾಡಿದ ಜಾಗದೊಳಗೆ ಮಾತ್ರ, ಒಬ್ಬರಿಗೆ ಒಂದೇ ಬುಟ್ಟಿ. ಉಳಿದ 50 ನಿಮಿಷ ಕಟ್ಟೋಕೆ. ಹಿಂದಿನ ಎರಡು ದಿನ ಉದ್ಯಾನ ಗುಡಿಸೋರಿಗೆ ಹೇಳಿ ತರಗು ಗುಡಿಸದೆ ಹಾಗೇ ಬಿಡಿಸಿ, ಇಲ್ಲಾಂದ್ರೆ ಮೇಳದ ದಿನ ನೆಲ ಬೋಳು! ಇದನ್ನ ಮರೆಯೋರೇ ಹೆಚ್ಚು.

ತರಗೆಲೆ
ಗುಡಿಸೋರ ವಿಷಯ ನಮ್ಮ ಪಟ್ಟೀಲೇ ಇರಲಿಲ್ಲ, ಈಗ ಸೇರಿಸಿದೆ. ಮಳೆ ಬಂದ್ರೆ?

ನೀಲಿಕಾಗದ
ಮಳೆಗೆ, ಮೋಡಕ್ಕೆ ಬದಲಿ ಏರ್ಪಾಟಾಗಿ ಒಳಾಂಗಣದಲ್ಲಿ ಒತ್ತಿದ ಎಲೆಗಳ ಕೃತಿ ಇಡಬಹುದು. ಆದ್ರೆ ಹತ್ತು ದಿನ ಮುಂಚೆ ಶುರು ಮಾಡಬೇಕು. ಹಳೇ ಪತ್ರಿಕೆಯ ಹಾಳೆಗಳ ನಡುವೆ ಎಲೆ, ಮೇಲೆ ಭಾರ. ಮೊದಲ ಮೂರು ದಿನ ದಿನಕ್ಕೊಮ್ಮೆ ಹಾಳೆ ಬದಲಿಸಿ. ಹಾಳೆ ಬದಲಿಸದೆ ಬಿಟ್ರೆ ಬೂಷ್ಟು ಹಿಡಿಯುತ್ತೆ ಅಥವಾ ಎಲೆ ಕಪ್ಪಾಗುತ್ತೆ. ಹೊಳಪು ಕಾಗದದ ಮಾಸಪತ್ರಿಕೆ ತೇವ ಹೀರಲ್ಲ, ಅದು ಬೇಡ. ಎಲೆ ಮೆತ್ತಗೇ ಉಳೀಬೇಕು ಅಂದ್ರೆ ಒಂದು ಪಾಲು ಗ್ಲಿಸರಿನ್, ಎರಡು ಪಾಲು ನೀರು ಬೆರೆಸಿ ಮೂರರಿಂದ ಐದು ದಿನ ಮುಳುಗಿಸಿಡಿ. ಬಣ್ಣ ಸ್ವಲ್ಪ ಕಂದುತ್ತೆ, ಮುರಿಯೋದು ನಿಲ್ಲುತ್ತೆ.

ಬಣ್ಣದ ಬಗ್ಗೆಯೂ ಗಮನ ಇರಲಿ. ಹಸಿರು ಬಣ್ಣ ಬೆಳಕಿಗೆ ಬೇಗ ಮಾಸುತ್ತೆ. ಹಳದಿ ತುಂಬ ದಿನ ನಿಲ್ಲುತ್ತೆ. ಕೆಂಪು, ನೇರಳೆ ದಳದಲ್ಲಿರೋ ಆಂಥೋಸಯನಿನ್ ಅನ್ನೋ ಬಣ್ಣದ ಅಂಶ ಹುಳಿಗೆ ಕೆಂಪಾಗುತ್ತೆ, ಕ್ಷಾರಕ್ಕೆ ನೀಲಿ-ಹಸಿರಿಗೆ ತಿರುಗುತ್ತೆ. ಸೋಪಿನ ಕೈಯಲ್ಲಿ ದಾಸವಾಳ ಮುಟ್ಟಿದ್ರೆ ಬೆರಳಚ್ಚು ನೀಲಿಯಾಗಿ ಉಳಿಯೋದು ಅದಕ್ಕೇ.

ಬಿಸಿಲಿದ್ರೆ ಇನ್ನೊಂದು ಚೆಂದದ ವಿಭಾಗ ಇದೆ, ಬಿಸಿಲಚ್ಚು.

ಗರಿಕೆ
ಬಿಸಿಲಚ್ಚು ಹೇಗೆ ಮಾಡೋದು ಬರೀರಿ.

ನೀಲಿಕಾಗದ
ಎರಡು ಬಗೆ. ಎರಡನ್ನೂ ಲೋಕಕ್ಕೆ ತಿಳಿಸಿದವರು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್, 1842ರಲ್ಲಿ.

ಮೊದಲನೇದು ಸಯನೋಟೈಪ್. ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ 100 ಮಿಲಿಲೀಟರ್ ನೀರಿಗೆ, ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ ಇನ್ನೊಂದು 100 ಮಿಲಿಲೀಟರ್ ನೀರಿಗೆ. ಬಳಸೋ ಹೊತ್ತಿಗೆ ಮಂದ ಬೆಳಕಲ್ಲಿ ಸಮಪಾಲು ಬೆರೆಸಿ, ಕಾಗದಕ್ಕೆ ತೆಳುವಾಗಿ ಬಳಿದು, ಕತ್ತಲೆಯಲ್ಲಿ ಒಣಗಿಸಿ. ಮೇಲೆ ಎಲೆ, ಅದರ ಮೇಲೆ ಗಾಜು. ಒಳ್ಳೆ ಬಿಸಿಲಲ್ಲಿ 5ರಿಂದ 15 ನಿಮಿಷ. ಕಾಗದದ ಬಯಲು ಭಾಗ ಹಸಿರು ಹಳದಿಯಿಂದ ಬೂದಿ ಬಣ್ಣಕ್ಕೆ ಬಂದಾಗ ತೆಗೆದು, ಹಳದಿ ನೀರು ನಿಲ್ಲೋವರೆಗೆ ತೊಳೆಯಿರಿ. ಎಲೆ ಇದ್ದ ಜಾಗ ಬಿಳಿ, ಉಳಿದದ್ದು ಕಡುನೀಲಿ. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞೆ ಆನಾ ಅಟ್ಕಿನ್ಸ್ 1843ರಿಂದ ಕಡಲಪಾಚಿಗಳ ಚಿತ್ರ ತೆಗೆದದ್ದು ಇದೇ ವಿಧಾನದಲ್ಲಿ.

ಕೆಡೋದು ಎಲ್ಲಿ? ಎಲೆ ದಪ್ಪ ಇದ್ದು ಗಾಜಿಗೆ ಅಂಟಿ ಕೂರದಿದ್ರೆ ಅಂಚು ಮಸುಕು. ತೊಳೆಯೋ ನೀರು ಕ್ಷಾರದ್ದಾಗಿದ್ರೆ ನೀಲಿಯೇ ಕರಗಿ ಹೋಗುತ್ತೆ, ನೀರಿಗೆ ಒಂದಿಷ್ಟು ವಿನೆಗರ್ ಹಾಕಿದ್ರೆ ತಡೆಯುತ್ತೆ. ಆದ್ರೆ ಪೊಟ್ಯಾಸಿಯಂ ಫೆರಿಸಯನೈಡ್ ಪುಡಿಗೆ ಅಥವಾ ಅದರ ಗಟ್ಟಿ ದ್ರಾವಣಕ್ಕೆ ತೀಕ್ಷ್ಣ ಆಮ್ಲ ತಾಗಿಸಬಾರದು, ಕಾಯಿಸಲೂಬಾರದು, ವಿಷಾನಿಲ ಏಳುತ್ತೆ. ಮಕ್ಕಳಿಗೆ ಮೊದಲೇ ಬಳಿದು ಒಣಗಿಸಿದ ಕಾಗದವನ್ನಷ್ಟೇ ಕೊಡಿ, ದ್ರಾವಣ ದೊಡ್ಡವರ ಕೈಯಲ್ಲಿರಲಿ.

ಎರಡನೇದು ಆಂಥೋಟೈಪ್, ಗಿಡದ ರಸದಲ್ಲೇ ಚಿತ್ರ. ಅರಿಶಿನವನ್ನ ಆಲ್ಕೋಹಾಲಿನಲ್ಲಿ ಕಲಸಿ ಸೋಸಿ, ಕಾಗದಕ್ಕೆ ಎರಡು ಮೂರು ಸಲ ಬಳಿಯಿರಿ. ಕೆಲವು ಗಂಟೆ ಬಿಸಿಲಲ್ಲಿ ಬಯಲು ಭಾಗ ಬಿಳಿಚುತ್ತೆ. ಆಮೇಲೆ ಬೋರಾಕ್ಸ್ (ಬಿಳಿಗಾರ) ನೀರು ಸಿಂಪಡಿಸಿದ್ರೆ ಉಳಿದ ಹಳದಿ ಇಟ್ಟಿಗೆ ಕೆಂಪಾಗುತ್ತೆ. ದಳದ ರಸ ಆದ್ರೆ ದಿನಗಟ್ಟಲೆ ಬಿಸಿಲು ಬೇಕು, ಒಂದು ದಿನದ ಮೇಳಕ್ಕೆ ಆಗಿಬರಲ್ಲ. ಈ ಚಿತ್ರ ಸ್ಥಿರವಲ್ಲ, ಗೋಡೆಗೆ ಹಾಕಿದ್ರೆ ಮಾಸಿ ಹೋಗುತ್ತೆ.

ದಾರಿಹೋಕ
ತೀರ್ಪಿನ ಮಾತಿಗೆ ಬರ್ತೀನಿ. 100ಕ್ಕೆ ಇಷ್ಟು ಅಂಕ ಅಂತ ಮೂವರದ್ದೂ ಕೂಡಿಸಿದ್ರೆ ಮುಗೀತಲ್ಲ?

ಅಂಕಪಟ್ಟಿ
ಮುಗಿಯಲ್ಲ. ಒಬ್ಬರು 10ಕ್ಕೆ 8, 9 ಬಿಟ್ಟು ಬೇರೆ ಕೊಡಲ್ಲ, ಇನ್ನೊಬ್ಬರು 4ರಿಂದ 10ರ ತನಕ ಧಾರಾಳ. ಲೆಕ್ಕ ನೋಡಿ. ಮೊದಲ ಕೃತಿಗೆ ಮೂವರೂ ಕೊಟ್ಟದ್ದು 9, 4, 9. ಎರಡನೇದಕ್ಕೆ 8, 10, 8. ಮೊತ್ತ 22 ಮತ್ತು 26. ಮೂವರಲ್ಲಿ ಇಬ್ಬರಿಗೆ ಮೊದಲನೇದೇ ಹಿಡಿಸಿದೆ, ಗೆದ್ದದ್ದು ಎರಡನೇದು. ಅಂಕ ಹರಡಿ ಕೊಡೋರ ಕೈಗೆ ಇಡೀ ಸ್ಪರ್ಧೆ ಹೋಯ್ತು.

ಅಂಕ ಬಿಟ್ಟು ಸ್ಥಾನ ಕೇಳಿ. ಪ್ರತಿ ತೀರ್ಪುಗಾರರೂ ತಂಡದೊಳಗೆ ಮೊದಲ ಐದನ್ನ ಕ್ರಮವಾಗಿ ಬರೀಲಿ: 5, 4, 3, 2, 1. ಕೂಡಿಸಿ. ಸ್ಥಾನಕ್ಕೆ ಅಂಕ ಕೊಡೋ ಈ ಲೆಕ್ಕವನ್ನ 1770ರಲ್ಲೇ ಫ್ರಾನ್ಸಿನ ಗಣಿತಜ್ಞ ಬೋರ್ಡಾ ಮುಂದಿಟ್ಟಿದ್ದರು.

ದಾರಿಹೋಕ
ಬೋರ್ಡಾ ಲೆಕ್ಕಕ್ಕೂ ದೋಷ ಇದೆ ರೀ. ಗೆಲ್ಲದೇ ಇರೋ ಯಾವುದೋ ಒಂದು ಕೃತಿಯನ್ನ ಪಟ್ಟಿಯಿಂದ ತೆಗೆದ್ರೆ ಮೇಲಿನವರ ಕ್ರಮವೇ ಅದಲು ಬದಲಾಗಬಹುದು. ಮತ್ತೆ, ಒಂದನೇದಕ್ಕೂ ಎರಡನೇದಕ್ಕೂ ಅಜಗಜಾಂತರ ಇದ್ರೂ ವ್ಯತ್ಯಾಸ ಒಂದೇ ಅಂಕ.

ಅಂಕಪಟ್ಟಿ
ಒಪ್ಪಿದೆ, ಎರಡೂ ನಿಜ. ಹಾಗಾಗಿ ನಿಯಮ ಮೀರಿದ ಕೃತಿಗಳನ್ನ ತೀರ್ಪಿಗೆ ಮುಂಚೆಯೇ ಬದಿಗಿಡಬೇಕು, ಆಮೇಲೆ ತೆಗೆಯೋ ಹಾಗಿಲ್ಲ. ಆದ್ರೂ ಮೂವರೇ ತೀರ್ಪುಗಾರರಿರೋವಾಗ ಒಬ್ಬರ ಅತಿಯನ್ನ ತಡೆಯೋಕೆ ಸ್ಥಾನವೇ ವಾಸಿ. ಐವರಿದ್ದರೆ ಅತಿ ಹೆಚ್ಚಿನದು, ಅತಿ ಕಡಿಮೆಯದು ಬಿಟ್ಟು ಮೂರರ ಸರಾಸರಿ ತೆಗೀಬಹುದಿತ್ತು.

ಇನ್ನೊಂದು ಮಾತು. ಮೂವರೂ ಒಂದೇ ಮೂಲೆಯಿಂದ ಶುರು ಮಾಡಬಾರದು. ಮೊದಮೊದಲು ಕೈ ಬಿಗಿ ಇರುತ್ತೆ, "ಇನ್ನೂ ಒಳ್ಳೇದು ಬರಬಹುದು" ಅಂತ. ಒಬ್ಬರು ಸಾಲಿನ ತುದಿಯಿಂದ, ಇನ್ನೊಬ್ಬರು ಮಧ್ಯದಿಂದ ಹೊರಡಲಿ. ಸಮ ಬಂದ್ರೆ ಏನು ಅನ್ನೋದನ್ನ ಮೊದಲೇ ಬರೆದು ಅಂಟಿಸಿ: ಯಾರಿಗೆ ಹೆಚ್ಚು ಮೊದಲ ಸ್ಥಾನವೋ ಅವರು, ಅದೂ ಸಮವಾದ್ರೆ ಬಹುಮಾನ ಇಬ್ಬರಿಗೂ.

ಕಡ್ಡಿಚಿತ್ರ
ಪ್ರತಿ ಕೃತಿ ಮುಗಿದ ಕೂಡಲೇ ನೇರ ಮೇಲಿಂದ ಒಂದು ಫೋಟೊ, ಸಂಖ್ಯೆಯ ಚೀಟಿ ಚೌಕಟ್ಟಿನೊಳಗೆ ಇರೋ ಹಾಗೆ. ಬಿಸಿಲಿದ್ರೆ ಇಬ್ಬರು ಬಿಳಿ ಬಟ್ಟೆ ಹಿಡಿದು ನೆರಳು ಮಾಡಿ, ಇಲ್ಲಾಂದ್ರೆ ಎಲೆಗಿಂತ ಎಲೆಯ ನೆರಳೇ ಕಪ್ಪಗೆ ಕಾಣುತ್ತೆ. ಆಮೇಲೆ ಗಾಳಿ ಬೀಸಿದ್ರೂ ತಕರಾರು ಇತ್ಯರ್ಥಕ್ಕೆ ಆಧಾರ ಇರುತ್ತೆ.

ಹಳೆಪಟ
ಫೋಟೊ ಪ್ರದರ್ಶನದ ಬಗ್ಗೆ ಯಾರೂ ಮಾತಾಡ್ತಿಲ್ಲ, ಹಾಗಾಗಿ ಹೇಳ್ತೀನಿ. ಜನ ತಂದುಕೊಟ್ಟ ಮೂಲ ಫೋಟೊಗಳನ್ನ ಫಲಕಕ್ಕೆ ಹಾಕ್ಬೇಡಿ! ಬೆಳಕಿನ ಹಾನಿ ಕೂಡ್ತಾ ಹೋಗುತ್ತೆ, ವಾಪಸ್ ಬರಲ್ಲ. ಹಳೇ ಫೋಟೊಗಳನ್ನ ಮ್ಯೂಸಿಯಂಗಳು 50 ಲಕ್ಸ್ (ಬೆಳಕಿನ ಅಳತೆ) ಆಸುಪಾಸಿನ ಬೆಳಕಲ್ಲಿ ಇಡ್ತವೆ, ಹೊರಗಿನ ನೆರಳಲ್ಲೇ ಅದರ ನೂರಾರು ಪಟ್ಟು ಇರುತ್ತೆ. ಕೊಟ್ಟವರ ಎದುರಲ್ಲೇ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಟಿಫ್ ಕಡತವಾಗಿ (ವಿವರ ಕಳೆಯದ ಚಿತ್ರಕಡತ) ಉಳಿಸಿ, ಮೂಲವನ್ನ ಆಗಲೇ ಕೈಗೆ ಕೊಟ್ಟುಬಿಡಿ. ಪ್ರದರ್ಶನಕ್ಕೆ ಅಚ್ಚುಪ್ರತಿ ಸಾಕು. ಲ್ಯಾಮಿನೇಶನ್ ಮಾಡಿಕೊಡ್ತೀವಿ ಅಂತ ಯಾರಾದ್ರೂ ಮುಂದೆ ಬಂದ್ರೆ ಬೇಡ ಅನ್ನಿ, ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸೋಕೆ ಬರಲ್ಲ.

ಪ್ರತಿ ಫೋಟೊಗೂ ಒಂದು ಚೀಟಿ: ಎಲ್ಲಿ, ಯಾರು, ಯಾವಾಗ, ಇದನ್ನ ಹೇಳಿದವರು ಯಾರು. ಕೊನೇದೇ ಮುಖ್ಯ. ಒಬ್ಬರ ಬಾಯಿಮಾತನ್ನ ಫಲಕದ ಮೇಲೆ ಇತಿಹಾಸ ಅಂತ ಅಚ್ಚು ಹಾಕಿದ್ರೆ ಅದೇ ಮುಂದಿನ ಸಲ ಆಧಾರ ಆಗಿಬಿಡುತ್ತೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂಲ ಸಿಗೋವರೆಗೆ "ಹೀಗೆ ಹೇಳ್ತಾರೆ" ಅಂತಲೇ ಬರೀರಿ.

ಹಿರಿಯರ ಮಾತು ಧ್ವನಿಮುದ್ರಿಸೋದಾದ್ರೆ ಒಪ್ಪಿಗೆ ಪತ್ರ ಮೊದಲು. "ಯಾವ ಇಸವಿ?" ಅಂತ ಕೇಳಿದ್ರೆ ಅಂದಾಜಿಗೆ ಒಂದು ಇಸವಿ ಹೇಳಿಬಿಡ್ತಾರೆ. "ನಿಮ್ಮ ಮದುವೆಗೆ ಮುಂಚೆಯಾ, ಆಮೇಲಾ?" ಅಂತ ಕೇಳಿದ್ರೆ ಸರಿಯಾಗಿ ನೆನಪಿಗೆ ಬರುತ್ತೆ.

ಗರಿಕೆ
ನಡಿಗೆಗೆ ಎಷ್ಟು ಹೊತ್ತು ಬೇಕಾಗುತ್ತೆ, ಹಳೆಪಟ ಸರ್?

ಹಳೆಪಟ
2 ಕಿಲೋಮೀಟರ್, 8 ನಿಲುಗಡೆ. ಗುಂಪು ಗಂಟೆಗೆ 3 ಕಿಲೋಮೀಟರ್ ನಡೆಯುತ್ತೆ ಅಂದ್ಕೊಳ್ಳಿ, 40 ನಿಮಿಷ. ನಿಲುಗಡೆಗೆ 6 ನಿಮಿಷದಂತೆ 48. ಒಟ್ಟು 88, ಅಂದ್ರೆ ಒಂದೂವರೆ ಗಂಟೆ. 7:30ಕ್ಕೆ ಹೊರಟ್ರೆ 9ಕ್ಕೆ ಉದ್ಯಾನದಲ್ಲಿರ್ತೀರಿ. ಒಬ್ಬ ಮಾರ್ಗದರ್ಶಿಗೆ 15 ಜನಕ್ಕಿಂತ ಹೆಚ್ಚು ಬೇಡ, ಹಿಂದಿನವರಿಗೆ ಕೇಳಿಸಲ್ಲ. ಸೂರ್ಯನ ಕಡೆ ಮುಖ ಮಾಡಿ ನಿಲ್ಲಬೇಕಾದವರು ಹೇಳೋರು, ಕೇಳೋರಲ್ಲ.

ಬೇರುಬಿಳಲು
ಇತಿಹಾಸದ ಕಾರ್ಯಕ್ರಮ, ನಿಸರ್ಗಕಲಾ ಸ್ಪರ್ಧೆ ಎರಡೂ ಬೇರೆ ಬೇರೆ ಅಂತ ನೋಡೋದೇ ನನಗೆ ಸರಿಕಾಣ್ತಿಲ್ಲ. ಸ್ಪರ್ಧೆಯ ಬುಟ್ಟಿಗಳಲ್ಲಿ ಆ ದಿನ ಯಾವ ಮರದ ಎಲೆ, ಹೂವು, ಕಾಯಿ ನೆಲಕ್ಕೆ ಬಿದ್ದಿತ್ತು ಅನ್ನೋದೇ ಒಂದು ದಾಖಲೆ. ಜಪಾನಿನ ಕ್ಯೋಟೊದ ಚೆರ್ರಿ ಹೂ ಅರಳಿದ ದಿನಗಳು 9ನೇ ಶತಮಾನದಿಂದ ಇವತ್ತಿನವರೆಗೆ ಗೊತ್ತಾಗಿರೋದು ಹೇಗೆ? ಹೂ ನೋಡೋ ಉತ್ಸವ ಯಾವತ್ತು ನಡೀತು ಅಂತ ಆಸ್ಥಾನದವರು ದಿನಚರಿ ಬರೆದಿಟ್ಟಿದ್ದರು. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ 1736ರಲ್ಲಿ ಮೊದಲ ಚಿಗುರು, ಮೊದಲ ಹೂವಿನ ದಿನ ಬರೆಯೋಕೆ ಶುರು ಮಾಡಿದರು, ಅವರ ಮನೆತನದವರು 1958ರವರೆಗೆ ಮುಂದುವರಿಸಿದರು. ಹವಾಮಾನ ಬದಲಾವಣೆ ಅಧ್ಯಯನ ಮಾಡೋರು ಇವತ್ತು ಆಧಾರವಾಗಿ ಹಿಡಿಯೋದು ಇಂಥ ಬರಹಗಳನ್ನೇ.

ನೋಂದಣಿ ಮೇಜಿನ ಮೇಲೆ ಒಂದು ಹಾಳೆ ಇಡಿ. ದಿನಾಂಕ, ಗಿಡದ ಹೆಸರು, ಮರದ ಜಾಗ, ಎಲೆ ಉದುರಿದೆಯಾ, ಹೂವಾ, ಕಾಯಾ. ಮುಂದಿನ ವರ್ಷ ಅದೇ ಮರ, ಅದೇ ಹಾಳೆ. ಏನೂ ಉದುರದ ಮರದ ಹೆಸರಿನ ಮುಂದೆ "ಇಲ್ಲ" ಅಂತ ಬರೆಯೋದನ್ನ ಮಾತ್ರ ಮರೀಬೇಡಿ. ಖಾಲಿ ಬಿಟ್ರೆ ಯಾರೂ ನೋಡಲಿಲ್ವಾ, ನೋಡಿ ಇರಲಿಲ್ವಾ ಅನ್ನೋದು ಆಮೇಲೆ ತಿಳಿಯೋದೇ ಇಲ್ಲ.

ದಾರಿಹೋಕ
ಮೇಳದ ತಾರೀಕು ವರ್ಷ ವರ್ಷ ಬದಲಾದ್ರೆ ಹೋಲಿಸೋದು ಹೇಗೆ?

ಬೇರುಬಿಳಲು
ಒಂದೇ ದಿನದ ಹಾಳೆಯಿಂದ ಪೂರ್ತಿ ಆಗಲ್ಲ, ಸರಿ. ಐದಾರು ಮರ ಗೊತ್ತುಮಾಡಿ, ಮೇಳಕ್ಕೆ ಮುಂಚೆ ಎರಡು ವಾರ, ಆಮೇಲೆ ಎರಡು ವಾರ, ವಾರಕ್ಕೆರಡು ಸಲ ಯಾರಾದ್ರೂ ನೋಡಿ ಬರೀಲಿ. ಆಗ ತಾರೀಕು ಹಿಂದೆ ಮುಂದೆ ಆದ್ರೂ ತೊಂದರೆ ಇಲ್ಲ.

ತರಗೆಲೆ
ಎಲ್ಲರಿಗೂ ಥ್ಯಾಂಕ್ಸ್. ನಡಿಗೆ 7:30, ತಂಡಗಳು 9:30ರಿಂದ, ಒದ್ದೆ ಮರಳು, ಒಂದೇ ಬುಟ್ಟಿ, ಸ್ಥಾನದ ಲೆಕ್ಕ, ಮರದ ಹಾಳೆ. ಇಷ್ಟು ಗಟ್ಟಿ. ಮುಗಿದ ಮೇಲೆ ಆ ಎಲೆ, ಮರಳು ಏನು ಮಾಡೋದು?

ಕಡ್ಡಿಚಿತ್ರ
ಮರಳು ಚೀಲಕ್ಕೆ ವಾಪಸ್, ಹುಲ್ಲಿನ ಮೇಲೆ ರಾತ್ರಿ ಬಿಟ್ರೆ ಹುಲ್ಲು ಹಳದಿಯಾಗುತ್ತೆ. ಎಲೆ, ಕಡ್ಡಿ ಎತ್ತಿದ ಮರದ ಬುಡಕ್ಕೇ ಹರಡಿ.

ಬೇರುಬಿಳಲು
ಲಂಟಾನ ಕಾಯಿ, ಪಾರ್ಥೇನಿಯಂ ತೆನೆ ಸಿಕ್ರೆ ಅದನ್ನ ಮಾತ್ರ ಬೇರೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಮರದ ಬುಡಕ್ಕೆ ಹಾಕಿದ್ರೆ ಮುಂದಿನ ಮಳೆಗೆ ಅಲ್ಲೇ ಮೊಳೆಯುತ್ತೆ.